ಶನಿವಾರದ ನಿಯಮ

ಕೂಡ್ಲಿಗಿ
2 ಡಿಸೆಂಬರ್ 2024

ಗೆಳೆಯ ಗುಲಾಮಹುಸೇನನಿಗೆ,

ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರುಮಾಡುವುದು ರೂಢಿ. ನಮ್ಮ ಮನೆಯಾಕೆ ಅಂಜಿನಕ್ಕ ಚೆನ್ನಾಗಿದ್ದಾಳೆ. ಮಂಡಕ್ಕಿ ಭಟ್ಟಿಯೂ ಚೆನ್ನಾಗಿ ನಡೆದಿದೆ. ನಾನು ಮಾತ್ರ ಚೆನ್ನಾಗಿಲ್ಲ. ಶನಿವಾರದಿಂದ ನನಗೆ ಅನ್ನ ಸೇರುತ್ತಿಲ್ಲ.

ಫೋನ್ ಮಾಡೋಣವೆಂದರೆ ನಿನ್ನ ಕಿವಿ ಗ್ಯಾರೇಜಿನ ಇಂಜಿನ್‌ಗಳ ಪಾಲಾಗಿ ಎಷ್ಟೋ ವರ್ಷವಾಯಿತು. ಹೋದ ಸಲ ನಾನು ಇಲ್ಲಿಂದ ಕೂಗಿದ್ದಕ್ಕೆ ಬಜಾರಿನವರು ಜಗಳವೇನೋ ಎಂದು ಓಡಿಬಂದರು. ಅದಕ್ಕೆ ಈ ಪತ್ರ.

ಸರದಿಯಂತೆ ಒಂದೊಂದು ಊರಿನಲ್ಲಿ ನಡೆಯುವ ನಮ್ಮ ಐದು ಊರಿನ ಬೈಕ್ ರೇಸಿಗೆ ನೀನು ಕಾರ್ಯದರ್ಶಿ. ನಾನು ಬದುವಿನ ಮೇಲೆ ಕೂತು ಶಿಳ್ಳೆ ಹೊಡೆಯುವವ. ಆದರೆ ಶನಿವಾರದ ನಿಯಮ ನನಗೂ ಬಾಯಿಪಾಠ. ಒಬ್ಬೊಬ್ಬನೇ ಕೆರೆಯಂಗಳಕ್ಕೆ ಇಳಿಯಬೇಕು, ಮೂರು ಸುತ್ತು ಹೊಡೆಯಬೇಕು, ಮೂರರಲ್ಲಿ ಯಾವುದು ಚೆನ್ನಾಗಿ ಬಂತೋ ಅದೇ ಅವನ ಲೆಕ್ಕ. ಬೇಗ ಬಂದವನಿಗೆ ಭಾನುವಾರದ ರೇಸಿನಲ್ಲಿ ಮೊದಲ ಜಾಗ, ತೀರಾ ಹಿಂದುಳಿದವರಿಗೆ ಭಾನುವಾರವೇ ಇಲ್ಲ. ಈ ನಿಯಮ ಮಾಡಿದವನು ನೀನೇ. ಖರೆ ಹೇಳಬೇಕೆಂದರೆ ನನ್ನಂಥವರು ಭಾನುವಾರಕ್ಕಿಂತ ಶನಿವಾರಕ್ಕಾಗಿಯೇ ಬರುತ್ತಿದ್ದೆವು. ಒಬ್ಬ ಹುಡುಗ, ಒಂದು ಬೈಕು, ಅವನದೇ ಧೂಳು. ಅಡ್ಡ ಬರುವವರು ಯಾರೂ ಇಲ್ಲ.

ಮೊನ್ನೆ ಬೆಳಿಗ್ಗೆ ನಮ್ಮೂರ ಕೆರೆಯಂಗಳದಲ್ಲಿ, ರೇಸು ಕೂಗುವ ಹುಲುಗೇಶ್ ಮೈಕ್ ಹಿಡಿದು ಹೇಳಿದ: "ಇವತ್ತಿಂದ ರೂಲ್ ಬದಲಾಗೇತ್ರಿ. ಎಲ್ಲಾರೂ ಒಬ್ಬರ ಹಿಂದ ಒಬ್ರು ಅಂತರ ಬಿಟ್ಟು ಇಳೀತಾರ. ಮೊದಲ್ನೇ ಸುತ್ತಿಂದಾನ ಲೆಕ್ಕ. ಸೀಟಿ ಊದಿದಾಗೆಲ್ಲಾ ಲೆಕ್ಕದಾಗ ಯಾರು ಕಡೀಗಿರ್ತಾರೋ ಅವರು ಔಟ್."

ಮೊದಲು ತಮಾಷೆ ಎಂದುಕೊಂಡೆವು. ಮೊದಲ ಸೀಟಿಗೇ ನಿನ್ನ ಮಗ ಶಹಬಾಜ ಔಟ್ ಎಂದಾಗ ತಮಾಷೆಯಲ್ಲವೆಂದು ತಿಳಿಯಿತು. ಅವನು ಓಡಿಸುವ ರೀತಿ ನಮಗೆ ಗೊತ್ತಿಲ್ಲವೇ. ಮೊದಲ ಸುತ್ತು ಪ್ರತಿ ತಿರುವನ್ನೂ ಮಾತಾಡಿಸಿಕೊಂಡು ಹೋಗುತ್ತಾನೆ, ಎರಡನೆಯದರಲ್ಲಿ ಕೈ ಸಡಿಲ ಬಿಡುತ್ತಾನೆ, ಮೂರನೆಯದು ಮಿಂಚು. ಸೀಟಿ ಊದಿದಾಗ ಅವನು ಕೆರೆಯ ಆ ತುದಿಯಲ್ಲಿ ಎರಡನೇ ಸುತ್ತಿನಲ್ಲಿದ್ದ. ತಾನು ಔಟಾದದ್ದು ತಿಳಿಯದೆ ಇನ್ನೂ ಜೀವ ಬಿಟ್ಟು ಓಡಿಸುತ್ತಿದ್ದ. ಅದನ್ನು ನೋಡಲಾಗಲಿಲ್ಲ, ಹುಸೇನ.

ಕೊನೆಗಿನ್ನೂ ಚೆಂದ. ಮುಂದಿದ್ದವರು ತಮ್ಮ ಜಾಗ ಗಟ್ಟಿಯಾಯಿತೆಂದು ಬೈಕು ನಿಲ್ಲಿಸಿ ನೀರು ಕುಡಿಯುತ್ತಾ ನಿಂತುಬಿಟ್ಟರು. ಗಡಿಯಾರ ಓಡುತ್ತಿದೆ, ಮೈದಾನದಲ್ಲಿ ಒಂದೂ ಬೈಕಿಲ್ಲ. ಅಷ್ಟು ಜನ ಒಣಮಣ್ಣು ನೋಡುತ್ತಾ ಕೂತೆವು. ಕಬ್ಬಿನ ಹಾಲು ಮಾರುವ ಜಂಬಕ್ಕ ನನ್ನನ್ನು ಕೇಳಿದಳು: "ಯಣ್ಣಾ, ರೇಸ್ ಮುಗೀತೋ, ಯಾರರ ಸತ್ರೋ?"

ನನ್ನ ತಂಗಿಯ ಮಗ ಮೌನೇಶ್ ಈ ನಿಯಮದ ದೆಸೆಯಿಂದಲೇ ಮೊದಲ ಸಲ ಭಾನುವಾರಕ್ಕೆ ದಾಟಿದ. ಮನೆಯಲ್ಲಿ ಸಿಹಿ ಮಾಡಿದ್ದರು. ನನಗೆ ಇಳಿಯಲಿಲ್ಲ.

ಯಾಕೆ ಹೀಗೆ ಮಾಡಿದೆ? ಬರೆ.

ನಿನ್ನ,
ಹನುಮಣ್ಣ


ಹರಪನಹಳ್ಳಿ
10 ಡಿಸೆಂಬರ್ 2024

ಹನುಮಣ್ಣನಿಗೆ ಸಲಾಂ.

ಪತ್ರ ಮುಟ್ಟಿತು. ನಿಯಮವನ್ನು ಕಮಿಟಿಯ ಮುಂದೆ ಇಟ್ಟವನು ನಾನು, ಒಪ್ಪಿದವರು ಎಲ್ಲರೂ. ಹಳೆಯ ರೀತಿಯಲ್ಲಿ ಶನಿವಾರ ಸಂಜೆಯವರೆಗೆ ಎಳೆಯುತ್ತಿತ್ತು, ಜನ ನಡುವೆಯೇ ಎದ್ದು ಹೋಗುತ್ತಿದ್ದರು. ಹೊರದೇಶದ ದೊಡ್ಡ ಕಾರ್ ರೇಸಿನಲ್ಲೂ ಇಂಥ ನಿಯಮ ತಂದಿದ್ದರು. ಹೊಸದು ಮೊದಲು ಕಹಿಯಾಗಿಯೇ ಇರುತ್ತದೆ, ಆಮೇಲೆ ರೂಢಿಯಾಗುತ್ತದೆ.

ಮೌನೇಶನಿಗೆ ನನ್ನ ಶುಭಾಶಯ ತಿಳಿಸು. ಅವನು ಇಳಿಜಾರಿನಲ್ಲಿ ಬ್ರೇಕ್ ಬೇಗ ಹಿಡಿಯುತ್ತಾನೆ, ಹೇಳು.

ಶಹಬಾಜನ ಬಗ್ಗೆ ಬರೆಯಬೇಡ. ಅವನು ಔಟಾದದ್ದು ನಿಯಮದಂತೆ.

ಗುಲಾಮಹುಸೇನ


ಕೂಡ್ಲಿಗಿ
30 ಡಿಸೆಂಬರ್ 2024

ಹುಸೇನ,

ಹೊರದೇಶದ ಕಾರ್ ರೇಸಿನ ಮಾತು ಬರೆದೆಯಲ್ಲ, ಮೌನೇಶ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದ. 2016ರಲ್ಲಿ ತಂದರಂತೆ, ಎರಡೇ ರೇಸಿಗೆ ಕೈಬಿಟ್ಟರಂತೆ. ಅಲ್ಲಿಯೂ ಕೊನೆಕೊನೆಗೆ ಟ್ರ್ಯಾಕ್ ಖಾಲಿ, ನೋಡುವವರು ದಂಗುಬಡಿದು ಕೂತಿದ್ದರಂತೆ. ನೀನು ನನಗೆ ಅರ್ಧ ಸುದ್ದಿ ಬರೆದೆ. ಇಷ್ಟು ವರ್ಷದಲ್ಲಿ ನೀನು ನನಗೆ ಅರ್ಧ ಹೇಳಿದ್ದು ಇದೇ ಮೊದಲು.

ಹಗರಿಬೊಮ್ಮನಹಳ್ಳಿಯ ರೇಸಿನಲ್ಲೂ ಅದೇ ಆಯಿತು. ಮತ್ತೆ ಶಹಬಾಜನೇ ಮೊದಲು ಹೊರಗೆ. ಈ ಸಲ ಅವನು ಹೆಲ್ಮೆಟ್ ತೆಗೆಯಲಿಲ್ಲ. ಬೈಕನ್ನು ತಳ್ಳಿಕೊಂಡು ನಮ್ಮೆಲ್ಲರ ಮುಂದೆಯೇ ರಸ್ತೆಯವರೆಗೆ ನಡೆದುಹೋದ. ನಾವು ಎದ್ದು ನಿಂತೆವು.

ಆಮೇಲೆ ಗುಸುಗುಸು ಶುರುವಾಯಿತು. ಕೊಟ್ಟೂರಿನ ಹುಲುಗಪ್ಪ ನನ್ನ ಪಕ್ಕಕ್ಕೆ ಬಂದು, "ನಿಮ್ ದೋಸ್ತ ಯಾರಿಗೋ ಮಾರ್ಕೊಂಡಾನ ಕಾಣ್ತತಿ. ಹೆತ್ತ ಮಗನ್ನ ಹೊರಗ ಹಾಕಾಕ ರೂಲ್ ಮಾಡಾದು ಅಂದ್ರ ಏನ್ರಿ?" ಎಂದ. ಅವನ ಅಂಗಿ ಹಿಡಿದೆ. ನಾಲ್ಕು ಜನ ಬಿಡಿಸಿದರು. ಆದರೆ ಬಸ್ಸಿನಲ್ಲಿ ಬರುವಾಗ ನನಗೂ ಅದೇ ಅನುಮಾನ ಬಂತು. ನಾಚಿಕೆಯಾಯಿತು, ಆದರೂ ಬಂತು. ನೀನು ಸುತ್ತಿನ ಹೊತ್ತು ಬರೆಯುವ ಗಡಿಯಾರದ ಡೇರೆಯವರೆಗೆ ಬಂದಿದ್ದೆ ನಾನು. ನೀನು ನನ್ನನ್ನು ಕಂಡು ಮುಖ ತಿರುಗಿಸಿದೆ.

ಐದೂ ಊರಿನ ನೋಡುವವರು ಮಾತಾಡಿಕೊಂಡಿದ್ದೇವೆ. ಮುಂದಿನ ರೇಸಿಗೆ ಹಡಗಲಿಗೆ ಬರುತ್ತೇವೆ, ಮೈದಾನದೊಳಕ್ಕೆ ಕಾಲಿಡುವುದಿಲ್ಲ. ಮೌನೇಶನಿಗೂ ಹೇಳಿದೆ, ನಿನಗೆ ಲಾಭವಾದರೂ ತಪ್ಪು ತಪ್ಪೇ ಎಂದು. ಅವನು, "ಮಾವಾ, ನನಗೂ ಶಹಬಾಜಣ್ಣನ್ನ ಸೋಲಿಸಿ ಒಳಗ ಹೋಗಬೇಕು. ಸೀಟಿ ಊದಿ ಅಲ್ಲ" ಎಂದ.

ಹನುಮಣ್ಣ


ಹರಪನಹಳ್ಳಿ
8 ಜನವರಿ 2025

ಹನುಮಣ್ಣ,

ಜನರನ್ನು ಕಟ್ಟಿಕೊಂಡು ಹಡಗಲಿಗೆ ಬರಬೇಡ. ನನ್ನನ್ನು ಏನು ಬೇಕಾದರೂ ಅನ್ನಲಿ, ಮಾರಿಕೊಂಡವನು ಎನ್ನಲಿ, ನಾನು ಉತ್ತರ ಕೊಡುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮೂರಿನ ರೇಸ್ ಮುಗಿಯುವವರೆಗೆ ಈ ನಿಯಮ ಇರಲಿ. ಆಮೇಲೆ ನಾನೇ ಕಾರ್ಯದರ್ಶಿ ಜಾಗ ಬಿಡುತ್ತೇನೆ, ಬೇರೆಯವರು ಬೇಕಾದ ಹಾಗೆ ಮಾಡಿಕೊಳ್ಳಲಿ.

ಹುಡುಗ ಮನೆಯಲ್ಲಿ ನನ್ನ ಕಡೆ ನೋಡುತ್ತಿಲ್ಲ. ಅವನ ತಾಯಿ ಅಜೀಜಬಿ ನಮ್ಮಿಬ್ಬರ ನಡುವೆ ತಟ್ಟೆ ಇಟ್ಟು ಎದ್ದುಹೋಗುತ್ತಾಳೆ. ಅವಳಿಗೂ ನಾನು ಕಾರಣ ಹೇಳಿಲ್ಲ.

ನಾನು ನಿನ್ನ ಹತ್ತಿರ ಏನನ್ನೂ ಬೇಡಿದವನಲ್ಲ. ಇದೊಂದು ಬೇಡುತ್ತಿದ್ದೇನೆ.

ಗುಲಾಮಹುಸೇನ


ಕೂಡ್ಲಿಗಿ
27 ಜನವರಿ 2025

ಹುಸೇನ,

ಬೇಡುವವನು ಯಾಕೆಂದು ಹೇಳಬೇಕು. ನೀನು ಹೇಳಲಿಲ್ಲ. ನಾನು ಬಂದೆ.

ನಡೆದದ್ದನ್ನು ನೀನೂ ನೋಡಿದ್ದೀಯ. ನಮ್ಮವರು ಬೇಲಿಯಾಚೆ ಮಲ್ಲಿಗೆ ತೋಟದ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತರು. ಹೂ ಬಿಡಿಸುವ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು. ಆಮೇಲೆ ಅವರೂ ಬಂದು ಕೂತರು. ಒಳಗೆ ಹುಲುಗೇಶ್ ಮೈಕಿನಲ್ಲಿ ಒಬ್ಬನೇ ಮಾತಾಡುತ್ತಿದ್ದ. ಓಡಿಸುವ ಹುಡುಗರೇ ಬೈಕುಗಳನ್ನು ನಿಲ್ಲಿಸಿಬಿಟ್ಟರು. ಅಧ್ಯಕ್ಷ ಗಂಗಾಧರ ಬೇಲಿಯವರೆಗೆ ಬಂದು, "ಏಳ್ರಿ, ಹಳೇ ರೂಲ್ ತಂದೀವಿ" ಎಂದಾಗ ನಾನೇ ಕೇಳಿದೆ, ಎಲ್ಲರೂ ಒಪ್ಪಿದರಾ ಎಂದು. "ಒಬ್ರು ಬಿಟ್ಟು" ಎಂದ.

ಆ ಒಬ್ಬ ನೀನು. ಖಾಲಿ ಕುರ್ಚಿಗಳ ನಡುವೆ ಕೈ ಎತ್ತಿ ನಿಂತಿದ್ದೆ. ಎಲ್ಲರೂ ಹೋದ ಮೇಲೂ ನಿನ್ನ ಕೈ ಕೆಳಗಿಳಿದಿರಲಿಲ್ಲ.

ಶಹಬಾಜ ಬಂದು ನನ್ನನ್ನು ಅಪ್ಪಿಕೊಂಡ. ಆಮೇಲೆ ಒಬ್ಬನೇ ಇಳಿದು ಮೂರನೇ ಸುತ್ತನ್ನು ಹೇಗೆ ಹೊಡೆದ ನೋಡಿದೆಯಲ್ಲ. ಭಾನುವಾರ ಚೈನು ಕಡಿದು ಓಡಲಾಗದೆ ಹೋದದ್ದು ಬೇರೆ ಮಾತು, ಮೊದಲ ಜಾಗವಂತೂ ಅವನದಾಗಿತ್ತು. ನಾವು ಗೆದ್ದೆವು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಈಗಲಾದರೂ ಬಿಟ್ಟುಬಿಡು. ಕೊಟ್ಟೂರಿನಲ್ಲಿ ಸಿಗೋಣ, ಬದುವಿನ ಮೇಲೆ ಮಿರ್ಚಿ ತಿನ್ನೋಣ.

ನಿನ್ನ,
ಹನುಮಣ್ಣ


ಕೂಡ್ಲಿಗಿ
19 ಫೆಬ್ರವರಿ 2025

ಹುಸೇನ,

ಈ ಪತ್ರ ಬರೆಯಲು ಬೆಳಗಿನಿಂದ ಕೂತಿದ್ದೇನೆ.

ಮೌನೇಶ ನಮ್ಮ ಮನೆಯಲ್ಲೇ ಇದ್ದಾನೆ. ಹೆಗಲಿನ ಎಲುಬು ಕೂಡಲು ಇನ್ನೂ ಸಮಯ ಬೇಕು ಎಂದಿದ್ದಾರೆ. ಕೊಟ್ಟೂರಿನಲ್ಲಿ ಭಾನುವಾರ ಮೊದಲ ತಿರುವಿನಲ್ಲೇ ಹಾಗಾಯಿತು, ನೀನೂ ಕಂಡೆ. ಶಹಬಾಜ ಮೊದಲ ಜಾಗದಿಂದ ಹೊರಟಿದ್ದ. ಮೌನೇಶ ಅವನ ಎಡಕ್ಕೆ ಸಮಸಮ ಬಂದಿದ್ದ. ಶಹಬಾಜ ಅಲ್ಲಿ ಯಾರೂ ಇಲ್ಲವೇನೋ ಎನ್ನುವ ಹಾಗೆ ಎಡಕ್ಕೆ ತಿರುಗಿಸಿದ. ಎಲ್ಲರೂ ರೇಸ್ ಎಂದರೆ ಹೀಗೇ ಎಂದರು. ನಾನೂ ಎಂದೆ. ಶಹಬಾಜನೇ ಅವನನ್ನು ಎತ್ತಿಕೊಂಡು ಗಾಡಿಯವರೆಗೆ ಓಡಿದ. ಅವನ ಮುಖ ನೋಡಲಾಗುತ್ತಿರಲಿಲ್ಲ.

ಶಹಬಾಜ ಕೊರಗುತ್ತಿರುತ್ತಾನೆ, ಒಂದು ಮಾತು ಹೇಳಿಬರೋಣವೆಂದು ನಿನ್ನೆ ಹರಪನಹಳ್ಳಿಗೆ ಬಂದೆ. ನೀನು ಮಸೀದಿಗೆ ಹೋಗಿದ್ದೆ. ಅವನು ಗ್ಯಾರೇಜಿನಲ್ಲಿ ಕೂತು ಒಂದು ಬೈಕಿನ ಚಕ್ರ ಬಿಚ್ಚುತ್ತಿದ್ದ. ನಾನು ಅವನ ಎಡಕ್ಕೆ ನಿಂತೆ. ಕೆಲಸದ ಗುಂಗಿನಲ್ಲಿದ್ದಾನೆ ಎಂದುಕೊಂಡು ಮಂಡಕ್ಕಿ ಪೊಟ್ಟಣವನ್ನು ಅವನ ನಟ್ಟು ಬಿಚ್ಚುವ ಪಾನದ ಪಕ್ಕ ನೆಲದ ಮೇಲೆ ಇಟ್ಟೆ. ಅವನು ಪಾನಕ್ಕೆ ಕೈ ಚಾಚಿದ. ಕೈ ಪೊಟ್ಟಣಕ್ಕೆ ತಾಗಿ ಬೆಚ್ಚಿಬಿದ್ದ. ಆಮೇಲೆ ಕೋಳಿ ನೋಡುವಂತೆ ಮುಖವನ್ನೆಲ್ಲ ಹೊರಳಿಸಿ, ಬಲಗಣ್ಣಿನಿಂದ ನನ್ನನ್ನು ನೋಡಿದ.

"ಯಾವಾಗ ಬಂದ್ರಿ ಕಾಕಾ?"

"ಈಗ ಬಂದೆಪ್ಪಾ" ಎಂದೆ. ಮೌನೇಶ ಹುಷಾರಾಗ್ಯಾನ ಎಂದೆ. ಚಹಾ ಕುಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಎಡಗಣ್ಣು ಮುಚ್ಚಿಕೊಂಡು ನೋಡಿದೆ.

ಒಬ್ಬನೇ ಇಳಿಯುವ ಶನಿವಾರ ಅವನಿಗೆ ಒಂದು ಕಣ್ಣು ಸಾಕು. ಮೊದಲ ಸುತ್ತಿನಲ್ಲಿ ನಿಧಾನ ಹೋಗಿ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಗುಂಪಿನಲ್ಲಿ ಓಡಿಸುವ ಭಾನುವಾರಕ್ಕೆ ಅದು ಸಾಲದು. ಮೊದಲ ಸುತ್ತಿಗೇ ಲೆಕ್ಕ ಹಿಡಿಯುವ ನಿಯಮ ಬಂದರೆ ಅವನು ಭಾನುವಾರದವರೆಗೆ ಬರುವುದೇ ಇಲ್ಲ.

ಆ ಕಣ್ಣು ಯಾವಾಗ ಹೋಯಿತು, ಹುಸೇನ?

ಹನುಮಣ್ಣ


ಹರಪನಹಳ್ಳಿ
25 ಫೆಬ್ರವರಿ 2025

ಹನುಮಣ್ಣ,

ಹೋದ ವರ್ಷ ಮಳೆಗಾಲಕ್ಕೆ ಮುಂಚಿನ ಹಗರಿಬೊಮ್ಮನಹಳ್ಳಿ ರೇಸಿನಲ್ಲಿ ಬಿದ್ದನಲ್ಲ, ಆಗ. ತಲೆಗೆ ಪೆಟ್ಟಾಗಿದೆ, ವಾಸಿಯಾಗುತ್ತದೆ ಎಂದುಕೊಂಡಿದ್ದೆವು. ಮಳೆಗಾಲದ ಹೊತ್ತಿಗೆ ಎಡಗಡೆ ಕತ್ತಲೆಯಾಗಿತ್ತು. ದಾವಣಗೆರೆಯ ಡಾಕ್ಟರು ಒಂದು ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ನನಗಾಗಿ ಬರೆದು ತೋರಿಸಿದರು: ಆ ಕಣ್ಣು ತಿರುಗಿ ಬರುವುದಿಲ್ಲ, ಬೈಕ್ ರೇಸ್ ಬೇಡ.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅವನು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. ಯಾರಿಗೂ ಹೇಳಕೂಡದು, ಅಮ್ಮಿಗೂ ಹೇಳಕೂಡದು, ಹೇಳಿದರೆ ಮನೆ ಬಿಟ್ಟುಹೋಗುತ್ತೇನೆ ಎಂದ. ಅವನ ತುಟಿ ನೋಡಿ ನಾನು ಒಂದೊಂದು ಮಾತನ್ನೂ ಓದಿದೆ. ಇಳಿಯಬೇಡ ಎಂದು ಎಷ್ಟು ಸಲ ಹೇಳಿದೆನೋ. "ಬೈಕಿನ ಮೇಲಿದ್ದಾಗ ನನಗ ಎರಡೂ ಅದಾವ" ಎನ್ನುತ್ತಾನೆ. ಅದಕ್ಕೆ ಏನು ಹೇಳಬೇಕು?

ನಿಯಮ ಮಾಡಿದೆ. ಅವನಿಗೆ ಗೊತ್ತಾಗದ ಹಾಗೆ ಅವನನ್ನು ಹೊರಗಿಡುವುದು ಅದೊಂದೇ ನನಗೆ ಹೊಳೆದದ್ದು. ಮೈದಾನ ಖಾಲಿಯಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಜನ ಬೈಯುತ್ತಾರೆ ಎಂದೂ ಗೊತ್ತಿತ್ತು. ನೀನು ಇಷ್ಟು ದೂರ ಹೋಗುತ್ತೀ ಎಂದು ಗೊತ್ತಿರಲಿಲ್ಲ.

ಕೊಟ್ಟೂರಿನಲ್ಲಿ ಮೌನೇಶ ಬಿದ್ದಾಗ ನಾನು ಗಡಿಯಾರ ನಿಲ್ಲಿಸುವುದನ್ನೇ ಮರೆತೆ. ಅವನ ತಾಯಿಯ ಎದುರು ಹೇಗೆ ನಿಲ್ಲಲಿ, ನೀನೇ ಹೇಳು. ರೂಢಿಯ ಮಾತಿಗೆ ಕೇಳುತ್ತಿಲ್ಲ.

ರಂಜಾನ್ ಮುಗಿದ ಮೇಲೆ ನಮ್ಮೂರಿನ ರೇಸ್. ನಿಯಮ ಹಳೆಯದೇ ಇದೆ. ಯಾರಿಗೂ ಹೇಳಬೇಡ ಎಂದು ನಿನ್ನನ್ನು ಕೇಳುವ ಮುಖ ನನಗಿಲ್ಲ. ಹೇಳು ಎನ್ನುವ ಧೈರ್ಯವೂ ಇಲ್ಲ.

ಗುಲಾಮಹುಸೇನ


ಕೂಡ್ಲಿಗಿ
15 ಏಪ್ರಿಲ್ 2025

ಹುಸೇನ,

ಶನಿವಾರ ನೀನು ಎಲ್ಲವನ್ನೂ ಕಂಡೆ, ಏನೂ ಕೇಳಿಸಲಿಲ್ಲ. ಇಡೀ ಮೈದಾನ ಒಂದೇ ಸಲ ಸುಮ್ಮನಾದಾಗ ಡೇರೆಯಿಂದ ಎದ್ದು ಬಂದು ಕೈಸನ್ನೆಯಲ್ಲಿ ನನ್ನನ್ನು ಕೇಳಿದೆ. ನಾನು ಉತ್ತರ ಕೊಡದೆ, ಮನೆಗೆ ಹೋಗಲೊಲ್ಲೆ ಎಂದ ನಿನ್ನ ಮಗನನ್ನು ಕರೆದುಕೊಂಡು ಕೂಡ್ಲಿಗಿಯ ಬಸ್ಸು ಹತ್ತಿದೆ. ಅಲ್ಲಿ ಆಡಿದ ಮಾತು ನಿನಗೆ ಸೇರಬೇಕು. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ಮೌನೇಶನಿಗೆ ಓದಿ ಹೇಳಿದ್ದೆ. ಎಲುಬು ಮುರಿದುಕೊಂಡವನು ಅವನು, ಅವನಿಗೆ ತಿಳಿಯಬೇಕಿತ್ತು. ಎರಡು ದಿನ ಕಳೆದವು. ಆಮೇಲೆ, "ಮಾವಾ, ನೀವು ಯಾರಿಗೂ ಹೇಳಬ್ಯಾಡ್ರಿ. ನಾ ಒಂದು ಮಾತು ಕೇಳ್ತೀನಿ ಅವನ್ನ" ಎಂದ.

ಶನಿವಾರ ಶಹಬಾಜನ ಸರದಿ ಬಂದಾಗ ನಾವಿಬ್ಬರೂ ಅವನ ಬೈಕಿನ ಮುಂದೆ ಹೋಗಿ ನಿಂತೆವು. ಮೌನೇಶ ಒಂದೇ ಮಾತು ಕೇಳಿದ.

"ಅಣ್ಣಾ, ಕೊಟ್ಟೂರಾಗ ನಾ ನಿನಗ ಕಂಡಿದ್ದ್ನಾ?"

ಶಹಬಾಜ ಅವನನ್ನು ನೋಡಿದ, ನನ್ನನ್ನು ನೋಡಿದ. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಹೋದನಲ್ಲ, ಮುಗಿಯಿತು ಎಂದುಕೊಂಡೆ. ಆ ಮೂರನೇ ಸುತ್ತು ನನ್ನ ಜೀವಮಾನದಲ್ಲೇ ನಾನು ನೋಡಿಲ್ಲದ್ದು. ಹುಲುಗೇಶ್ ಲೆಕ್ಕ ಓದುವುದರೊಳಗೆ ಜನ ಎದ್ದು ಕುಣಿಯುತ್ತಿದ್ದರು. ಶಹಬಾಜ ಬೈಕು ನಿಲ್ಲಿಸಿ ನೇರ ಬಂದು ಹುಲುಗೇಶನ ಕೈಯಿಂದ ಮೈಕ್ ತೆಗೆದುಕೊಂಡ.

"ನಂದು ಎಡಗಣ್ಣು ಕಾಣಂಗಿಲ್ಲ" ಎಂದ. "ಹೋದ ವರ್ಷ ಬಿದ್ದಾಗಿಂದ. ಕೊಟ್ಟೂರಾಗ ಮೌನೇಶ ನನಗ ಕಾಣಲೇ ಇಲ್ಲ. ನಾಳೆ ನಾ ಇಳಿಯಂಗಿಲ್ಲ. ಇನ್ನ ಎಲ್ಲೂ ಇಳಿಯಂಗಿಲ್ಲ."

ನೀನು ಕಂಡ ಮೌನ ಅದು. ಎತ್ತಿದ ಕೈಗಳು ಎತ್ತಿದಲ್ಲೇ ಇದ್ದವು. ಕೊಟ್ಟೂರಿನ ಹುಲುಗಪ್ಪ ನನ್ನ ಹಿಂದೆ ನಿಂತು, "ಹಂಗಾದ್ರ ಆ ಸೀಟಿ ರೂಲ್..." ಎಂದವನು ಅರ್ಧಕ್ಕೇ ನಿಲ್ಲಿಸಿದ. ನಾವು ಮೈಕಿನ ಹತ್ತಿರವೇ ಇದ್ದೆವು, ಶಹಬಾಜನಿಗೆ ಕೇಳಿಸಿತು. ಅವನು ನಿನ್ನ ಡೇರೆಯ ಕಡೆ ತಿರುಗಿ ನೋಡಿದ್ದು ಆಗಲೇ. ಆ ಕ್ಷಣದವರೆಗೆ ಅವನಿಗೆ ಗೊತ್ತಿರಲಿಲ್ಲ.

ಅಜೀಜಬಿ ಹೆಂಗಸರ ನಡುವಿನಿಂದ ಎದ್ದು ಮೈದಾನಕ್ಕೆ ಅಡ್ಡವಾಗಿ ನಡೆದುಬಂದದ್ದನ್ನು ನೀನು ಕಂಡೆ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಮಾತಿನಲ್ಲೇ ಕೇಳಿದಳು, ನನಗೂ ಅಷ್ಟು ಅರ್ಥವಾಗುತ್ತದೆ. "ಇದಾ? ಇದು ಕಾಣೋದಿಲ್ಲಾ?" ಎಂದಳು. ಆಮೇಲೆ, "ನಿಮ್ಮ ಅಬ್ಬಾಗ ಗೊತ್ತಿತ್ತಾ?" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಕೈ ಬಿಟ್ಟು ಮನೆಯ ದಾರಿ ಹಿಡಿದಳು. ನಿಮ್ಮ ಮನೆಯಲ್ಲಿ ಈಗ ಏನು ನಡೆದಿದೆಯೋ ನಾನು ಕೇಳುವುದಿಲ್ಲ.

ಬಸ್ಸು ಕೊಟ್ಟೂರು ದಾಟಿತು. ಆಗ ಶಹಬಾಜ ಕೇಳಿದ: "ಕಾಕಾ, ಆ ರೂಲ್ ನನಗಂತಾನ ಮಾಡಿದ್ದಾ?"

"ಹೂಂ."

"ಐದು ಊರಿನ ಮಂದೀನ್ನ ಗೋಳು ಹೊಯ್ಕೊಂಡಾನ. ನನ್ನ ಕೈಯಾಗಿನ ಕೀಲಿ ಕಸ್ಕೊಂಡು ಬಾವಿಗೆ ಎಸೀಬೇಕಿತ್ತು ಅವನು."

ನನಗೂ ಅದೇ ಅನಿಸಿತ್ತು. ಆದರೆ ಮಕ್ಕಳ ಕೈಯಿಂದ ಕೀಲಿ ಕಸಿದುಕೊಂಡವರು ಎಷ್ಟು ಜನರಿದ್ದಾರೆ ಎಂದೂ ಯೋಚಿಸಿದೆ.

ಭಾನುವಾರ ಅವನನ್ನು ಇಲ್ಲೇ ಬಿಟ್ಟು ನಾನು ಮತ್ತೆ ಹರಪನಹಳ್ಳಿಗೆ ಬಂದೆ. ನೀನು ಡೇರೆಯಲ್ಲಿ ಇರಲಿಲ್ಲ. ಆದ್ದರಿಂದ ಇದೂ ನಿನಗೆ ಗೊತ್ತಿಲ್ಲ. ರೇಸ್ ಶುರುವಾಗುವ ಮೊದಲು ನಾವು ಕೆಲವರು ಗಂಗಾಧರನ ಹತ್ತಿರ ಹೋದೆವು. ಶಹಬಾಜ ಇಳಿಯದಿದ್ದರೆ ನಿಯಮದಂತೆ ಹಿಂದಿನವರು ಒಂದೊಂದು ಜಾಗ ಮುಂದೆ ಬರಬೇಕು. ಬರುವುದು ಬೇಡ, ಮೊದಲ ಜಾಗ ಖಾಲಿ ಇರಲಿ ಎಂದು ಕೇಳಿದೆವು.

"ಅಂಥಾ ರೂಲ್ ಎಲ್ಲೈತ್ರಿ?" ಎಂದ ಗಂಗಾಧರ. "ರೂಲ್ ಬದಲು ಮಾಡಬ್ಯಾಡ್ರಿ ಅಂತ ಹಡಗಲ್ಯಾಗ ಬೆನ್ನು ತಿರುಗಿಸಿ ಕೂತೋರು ನೀವ."

"ಇಲ್ಲ ಅಂತಾನ ಕೇಳಾಕ ಬಂದೀವಿ" ಎಂದಳು ಜಂಬಕ್ಕ.

ಎರಡನೇ ಜಾಗದಲ್ಲಿದ್ದ ಹಡಗಲಿಯ ಹುಡುಗ ಅಲ್ಲೇ ನಿಂತಿದ್ದ. "ನಾ ಮುಂದ ಹೋಗಂಗಿಲ್ರಿ" ಎಂದ. ಗಂಗಾಧರ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಜೇಬಿಗಿಟ್ಟ. ಸುಣ್ಣದ ಗೆರೆಯ ಮೇಲೆ ಮೊದಲ ಜಾಗ ಬರಿದು, ಉಳಿದವರು ತಮ್ಮ ತಮ್ಮ ಜಾಗದಲ್ಲಿ. ಬಾವುಟ ಬಿತ್ತು, ಬೈಕುಗಳು ಹೋದವು. ಯಾರು ಗೆದ್ದರೋ, ಸಾಯಂಕಾಲ ಬೇರೆಯವರನ್ನು ಕೇಳಿ ತಿಳಿದುಕೊಂಡೆ.

ಮನೆಗೆ ಬಂದಾಗ ಶಹಬಾಜ ಭಟ್ಟಿಯ ಮುಂದೆ ಕೂತು ಮಂಡಕ್ಕಿ ಹುರಿಯುತ್ತಿದ್ದ, ಅಂಜಿನಕ್ಕ ಕಲಿಸಿಕೊಟ್ಟಿದ್ದಾಳೆ. ನಡೆದದ್ದನ್ನು ಹೇಳಿದೆ. "ಅಂವ ಮುಂದ ಬರಲೇ ಇಲ್ಲಾ?" ಎಂದು ಕೇಳಿದ. ಇಲ್ಲ ಎಂದೆ. ಆ ಕಡಾಯಿಯಲ್ಲಿದ್ದದ್ದೆಲ್ಲ ಸೀದುಹೋಯಿತು. ಅಂಜಿನಕ್ಕ ಬೈಯಲಿಲ್ಲ.

ನಿನ್ನ ಮೇಲಿನ ನನ್ನ ಸಿಟ್ಟು ಹೋಗಿಲ್ಲ. ಮೌನೇಶನ ಹೆಗಲು ನೋಡಿದಾಗೆಲ್ಲ ಏಳುತ್ತದೆ. ನನ್ನ ಮೇಲೂ ಏಳುತ್ತದೆ. ಆದರೆ ನೀನು ಬೇಡಿದ್ದೆ, ನಾನು ಕೇಳಲಿಲ್ಲ.

ಈಗ ಮುಖ್ಯವಾದದ್ದು. ನಾನು ಈ ಪತ್ರ ಬರೆಯುವುದನ್ನು ನೋಡಿ ಅವನು ಬಾಗಿಲಲ್ಲಿ ಬಂದು ನಿಂತ. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ:

"ಅಬ್ಬಾಗ ಬರೀರಿ. ಶುಕ್ರವಾರ ಊಟಕ್ಕ ಬರ್ತೀನಿ. ಮಾತಾಡಂಗಿಲ್ಲ ಇನ್ನ. ಊಟ ಅಷ್ಟ."

ಕೊಟ್ಟೂರಿನ ಮೇಲೆ ಬರುವ ಮಧ್ಯಾಹ್ನದ ಬಸ್ಸಿಗೆ ಹತ್ತಿಸುತ್ತೇನೆ. ಅಜೀಜಬಿಗೆ ಹೇಳು.

ನಿನ್ನ,
ಹನುಮಣ್ಣ